ಕೆಮ್ಮಿದರೆ ಮೂತ್ರ ಜಾರುತ್ತದೆಯೇ? ಆಪರೇಷನ್‌ಗೆ ಒಪ್ಪುವ ಮೊದಲು ಇದನ್ನು ಓದಿ

ನಮ್ಮ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಉಳಿತಾಯ, ಸಾಲ, ಮಕ್ಕಳ ಓದು, ಗಂಡನ ಕುಡಿತ ಎಲ್ಲದರ ಬಗ್ಗೆ ಧೈರ್ಯವಾಗಿ ಮಾತಾಡುವ ಮಹಿಳೆಯರು ಒಂದು ವಿಷಯವನ್ನು ಮಾತ್ರ ಸಭೆ ಮುಗಿದ ಮೇಲೆ, ಬಾಗಿಲ ಹತ್ತಿರ ನಿಂತು, ಮೆಲ್ಲಗೆ ಹೇಳುತ್ತಾರೆ: "ಸಿಸ್ಟರ್, ಕೆಮ್ಮಿದ್ರೆ ಸಾಕು, ಬಟ್ಟೆ ಒದ್ದೆ ಆಗ್ತದೆ." ಸೀನಿದಾಗ, ಜೋರಾಗಿ ನಕ್ಕಾಗ, ನೀರಿನ ಕೊಡ ಎತ್ತಿದಾಗ, ಹುಲ್ಲಿನ ಹೊರೆ ತಲೆಗೇರಿಸಿದಾಗ ತಡೆಯಲಾಗದೆ ಮೂತ್ರ ಜಾರುವ ಈ ತೊಂದರೆ ಹೆರಿಗೆಯಾದವರಲ್ಲಿ, ಮುಟ್ಟು ನಿಂತವರಲ್ಲಿ ಬಹಳ ಸಾಮಾನ್ಯ. ಇದರಿಂದಾಗಿ ಮದುವೆ ಮನೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಬಸ್ಸು ಹತ್ತಬೇಕಾದ ದಿನ ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯದವರಿದ್ದಾರೆ. "ವಯಸ್ಸಾಯ್ತಲ್ಲ, ಹೀಗೇ" ಎಂದು ಇಪ್ಪತ್ತು ವರ್ಷ ಬಟ್ಟೆ ಮಡಚಿಟ್ಟುಕೊಂಡೇ ಕಳೆದವರಿದ್ದಾರೆ.

ಈಚೆಗೆ ಇದಕ್ಕೆ ಆಪರೇಷನ್ ಇದೆ ಎಂಬ ಸುದ್ದಿ ಹಳ್ಳಿಗಳಿಗೂ ಮುಟ್ಟಿದೆ. ಆದರೆ ಮುಟ್ಟಿದ ಸುದ್ದಿ ಅರ್ಧಂಬರ್ಧ. ಒಬ್ಬರು "ಟೇಪ್ ಹಾಕಿಸಿಕೋ" ಎನ್ನುತ್ತಾರೆ, ಇನ್ನೊಬ್ಬರು "ಒಳಗೆ ಹೊಲಿಗೆ ಹಾಕ್ತಾರೆ" ಎನ್ನುತ್ತಾರೆ, ಮತ್ತೊಬ್ಬರು "ಗರ್ಭಕೋಶ ತೆಗೆಸಿಬಿಡು, ಎಲ್ಲಾ ಸರಿಹೋಗ್ತದೆ" ಎನ್ನುತ್ತಾರೆ. ಈ ಮೂರೂ ಬೇರೆ ಬೇರೆ. ಇವುಗಳ ಫಲವೂ ಬೇರೆ, ಅಪಾಯವೂ ಬೇರೆ. ನಾವು ವೈದ್ಯರಲ್ಲ, ನಿಮಗೆ ಇಂಥದ್ದೇ ಮಾಡಿಸಿ ಎಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಒಮ್ಮೆ ಒಳಗೆ ಹಾಕಿದ್ದನ್ನು ಹೊರಗೆ ತೆಗೆಯುವುದು ಸುಲಭವಲ್ಲವಾದ್ದರಿಂದ, ಸಹಿ ಹಾಕುವವಳಿಗೆ ಏನು ಮಾಡುತ್ತಾರೆ ಎಂಬುದು ಗೊತ್ತಿರಲೇಬೇಕು.

ಮೊದಲು, ಇದು ಯಾವ ಸೋರಿಕೆ?

ಎಲ್ಲಾ ಸೋರಿಕೆಯೂ ಒಂದೇ ಅಲ್ಲ. ಹೊಟ್ಟೆಗೆ ಒತ್ತಡ ಬಿದ್ದ ಕ್ಷಣದಲ್ಲಿ ಮಾತ್ರ ಸ್ವಲ್ಪ ಜಾರಿದರೆ ಅದು ಒತ್ತಡದ ಸೋರಿಕೆ. ಈ ಲೇಖನದಲ್ಲಿ ಹೇಳುವ ಆಪರೇಷನ್‌ಗಳೆಲ್ಲ ಇದಕ್ಕೆ ಮಾತ್ರ. ಮೂತ್ರ ಬಂತು ಅನ್ನಿಸಿದ ಕೂಡಲೇ ತಡೆಯಲಾಗದೆ, ಬಚ್ಚಲಿಗೆ ಹೋಗುವಷ್ಟರಲ್ಲೇ ಆಗಿಬಿಟ್ಟರೆ ಅದು ಅವಸರದ ಸೋರಿಕೆ. ಅದಕ್ಕೆ ಮಾತ್ರೆ ಹಾಗೂ ಅಭ್ಯಾಸದ ಚಿಕಿತ್ಸೆ ಬೇರೆ ಇದೆ; ಆಪರೇಷನ್‌ನಿಂದ ಅದು ಕೆಲವೊಮ್ಮೆ ಹೆಚ್ಚೂ ಆಗಬಹುದು. ಹಲವರಿಗೆ ಎರಡೂ ಬೆರೆತಿರುತ್ತದೆ. ಇನ್ನು ಕಷ್ಟದ ಹೆರಿಗೆಯ ನಂತರ ಅಥವಾ ಗರ್ಭಕೋಶ ತೆಗೆದ ನಂತರ ಹಗಲೂ ರಾತ್ರಿಯೂ ನಿಲ್ಲದೆ ತೊಟ್ಟಿಕ್ಕುತ್ತಿದ್ದರೆ ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತು ಬಿದ್ದಿರಬಹುದು. ಅಂಥವರು ಒಂದು ದಿನವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ವೈದ್ಯರು ಮೂತ್ರ ತುಂಬಿರುವಾಗ ಕೆಮ್ಮಿಸಿ ನೋಡುತ್ತಾರೆ, ಸೋಂಕು ಇದೆಯೇ, ಸಕ್ಕರೆ ಇದೆಯೇ ಎಂದು ಪರೀಕ್ಷೆ ಮಾಡಿಸುತ್ತಾರೆ, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್‌ನಲ್ಲಿ ನೋಡುತ್ತಾರೆ. ಇದಲ್ಲದೆ ಪೈಪ್ ಹಾಕಿ ಮೂತ್ರಚೀಲದ ಒತ್ತಡ ಅಳೆಯುವ ಯೂರೋಡೈನಮಿಕ್ ಎಂಬ ಪರೀಕ್ಷೆಯೂ ಇದೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸರಳವಾದ ಒತ್ತಡದ ಸೋರಿಕೆ ಇದ್ದ 630 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಆ ಪರೀಕ್ಷೆ ಮಾಡಿಸಿದ ಗುಂಪಿನಲ್ಲೂ ಮಾಡಿಸದ ಗುಂಪಿನಲ್ಲೂ ಚಿಕಿತ್ಸೆಯ ಫಲ ಒಂದೇ ಆಗಿತ್ತು: ನೂರಕ್ಕೆ ಸುಮಾರು 77. ಮೊದಲೇ ಒಂದು ಆಪರೇಷನ್ ಆಗಿ ವಿಫಲವಾದವರಿಗೆ, ಎರಡೂ ತರಹದ ಸೋರಿಕೆ ಇರುವವರಿಗೆ ಅದರ ಉಪಯೋಗ ಹೆಚ್ಚು.

ಮೂತ್ರ ಏಕೆ ಜಾರುತ್ತದೆ?

ತೋಟಕ್ಕೆ ನೀರು ಬಿಡುವ ಪೈಪನ್ನು ಗಟ್ಟಿಯಾದ ಅಂಗಳದ ಮೇಲಿಟ್ಟು ಕಾಲಿನಿಂದ ತುಳಿಯಿರಿ, ನೀರು ನಿಲ್ಲುತ್ತದೆ. ಅದೇ ಪೈಪನ್ನು ಕೆಸರುಗದ್ದೆಯಲ್ಲಿಟ್ಟು ತುಳಿಯಿರಿ, ಪೈಪ್ ಕೆಸರಿನೊಳಗೆ ಇಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಮೂತ್ರನಾಳದ ಕತೆಯೂ ಇಷ್ಟೇ. ನಾವು ಕೆಮ್ಮಿದಾಗ ಹೊಟ್ಟೆಯ ಒತ್ತಡ ಅದನ್ನು ಕೆಳಗಿನ ಆಸರೆಗೆ ಒತ್ತಿ ಮುಚ್ಚಿಸುತ್ತದೆ. ಆ ಆಸರೆ ಎಂದರೆ ಯೋನಿಯ ಮುಂಭಾಗದ ಗೋಡೆ ಮತ್ತು ಅಡಿಭಾಗದ ಸ್ನಾಯುಗಳು, ಒಂದು ಜೋಳಿಗೆಯ ಹಾಗೆ. ಅಮೆರಿಕದ ಡಾ. ಜಾನ್ ಡಿಲಾನ್ಸಿ 1994ರಲ್ಲಿ ಇದನ್ನು ವಿವರಿಸಿದರು. ಹೆರಿಗೆಯಲ್ಲಿ ಜೋಳಿಗೆ ಹಿಗ್ಗಿ ಸಡಿಲವಾದರೆ ಅಂಗಳವೇ ಕೆಸರಾದಂತೆ. ಆಪರೇಷನ್‌ಗಳಲ್ಲಿ ಹೆಚ್ಚಿನವು ಮಾಡುವುದು ಆ ಆಸರೆಯನ್ನು ಮತ್ತೆ ಕೊಡುವ ಕೆಲಸ. ಯಾವ ವಸ್ತುವಿನಿಂದ ಕೊಡುತ್ತಾರೆ, ಎಲ್ಲಿಗೆ ಕಟ್ಟುತ್ತಾರೆ ಎಂಬುದರಲ್ಲಿ ವ್ಯತ್ಯಾಸ.

ಚಾಕುವಿಗೆ ಮೊದಲು ಮೂರು ತಿಂಗಳು

ಅಡಿಭಾಗದ ಸ್ನಾಯುಗಳನ್ನು ಗಟ್ಟಿಮಾಡುವ ವ್ಯಾಯಾಮಕ್ಕೆ ಕೆಗೆಲ್ ವ್ಯಾಯಾಮ ಎನ್ನುತ್ತಾರೆ, ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ನಾಲ್ಕು ಜನರ ನಡುವೆ ಕೂತಾಗ ಗಾಳಿ ಹೋಗದಂತೆ ಬಿಗಿಹಿಡಿಯುತ್ತೇವಲ್ಲ, ಹಾಗೆ ಒಳಗೆ-ಮೇಲಕ್ಕೆ ಬಿಗಿಹಿಡಿದು, ಕೆಲವು ಸೆಕೆಂಡ್ ನಿಲ್ಲಿಸಿ, ಬಿಡಬೇಕು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಾಗಬಾರದು, ಉಸಿರು ಕಟ್ಟಬಾರದು. ಒಂದು ಸಲಕ್ಕೆ ಕನಿಷ್ಠ ಎಂಟು, ದಿನಕ್ಕೆ ಮೂರು ಸಲ, ಮೂರು ತಿಂಗಳು. ಕೆಮ್ಮು ಬರುತ್ತಿದೆ ಎನ್ನುವಾಗಲೇ ಬಿಗಿಹಿಡಿಯುವುದನ್ನು ರೂಢಿ ಮಾಡಿಕೊಂಡರೆ ಅಲ್ಲೇ ಅರ್ಧ ಗೆಲುವು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಸರಿಯಾದ ಸ್ನಾಯುವನ್ನೇ ಬಿಗಿಹಿಡಿಯುತ್ತಿದ್ದೇವೆಯೇ ಎಂದು ಒಮ್ಮೆ ನರ್ಸ್ ಅಥವಾ ಫಿಸಿಯೋಥೆರಪಿಯವರಿಂದ ನೋಡಿಸಿಕೊಳ್ಳಬೇಕು. ಬಹಳ ಜನ ತಪ್ಪಾಗಿ ಕೆಳಕ್ಕೆ ಮುಕ್ಕಿ, ಇದ್ದದ್ದನ್ನೂ ಸಡಿಲ ಮಾಡಿಕೊಳ್ಳುತ್ತಾರೆ.

ಇದು ಆಪರೇಷನ್‌ನಷ್ಟು ಪರಿಣಾಮಕಾರಿಯೇ? ಅಲ್ಲ ಎಂಬುದನ್ನೂ ಹೇಳಬೇಕು. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ದೇಶದ ಅಧ್ಯಯನದಲ್ಲಿ 460 ಮಹಿಳೆಯರಲ್ಲಿ ಕೆಲವರಿಗೆ ಮೊದಲು ವ್ಯಾಯಾಮ, ಉಳಿದವರಿಗೆ ಮೊದಲೇ ಟೇಪ್ ಆಪರೇಷನ್ ಎಂದು ನಿಗದಿ ಮಾಡಿದರು. ಒಂದು ವರ್ಷದ ನಂತರ ಉತ್ತಮವಾಯಿತು ಎಂದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 91, ವ್ಯಾಯಾಮದ ಗುಂಪಿನಲ್ಲಿ 64. ವ್ಯಾಯಾಮದವರಲ್ಲಿ ಅರ್ಧದಷ್ಟು ಜನ ಆ ವರ್ಷದೊಳಗೇ ಆಪರೇಷನ್ ಮಾಡಿಸಿಕೊಂಡರು. ಆದರೆ ಇನ್ನರ್ಧ ಜನಕ್ಕೆ ಆ ವರ್ಷ ಅದು ಬೇಕಾಗಲಿಲ್ಲ ಎಂಬುದನ್ನೂ ಗಮನಿಸಿ. ಖರ್ಚಿಲ್ಲದ, ಅಪಾಯವಿಲ್ಲದ ದಾರಿಯಲ್ಲಿ ಅರ್ಧ ಜನ ಮುಂದೆ ಹೋಗುವುದಾದರೆ ಮೂರು ತಿಂಗಳು ಕೊಡುವುದು ನಷ್ಟವಲ್ಲ ಎಂಬುದು ನಮ್ಮ ಅಭಿಪ್ರಾಯ. ಮೈತೂಕ ಇಳಿಸುವುದು, ಹಳೆಯ ಕೆಮ್ಮು ಮತ್ತು ಮಲಬದ್ಧತೆಗೆ ಮದ್ದು ಮಾಡಿಸುವುದು ಇದರ ಜೊತೆಗೇ ಆಗಬೇಕು. ಹೊಗೆಯ ಒಲೆಯ ಮುಂದೆ ಕೆಮ್ಮುತ್ತಲೇ ಇದ್ದರೆ ಯಾವ ಆಪರೇಷನ್‌ನ ಮೇಲೂ ಹೊರೆ ಬೀಳುತ್ತದೆ.

ಗರ್ಭಕೋಶ ತೆಗೆಯುವುದು ಇದಕ್ಕೆ ಚಿಕಿತ್ಸೆಯಲ್ಲ

ಈ ಮಾತನ್ನು ನಾವು ಸ್ವಲ್ಪ ಜೋರಾಗಿಯೇ ಹೇಳುತ್ತೇವೆ. ಮೂತ್ರ ಜಾರುತ್ತದೆ ಎಂದು ಹೋಗಿ ಗರ್ಭಕೋಶ ಕಳೆದುಕೊಂಡು ಬಂದವರನ್ನು ನಾವು ಕಂಡಿದ್ದೇವೆ. ಸೋರಿಕೆ ಹಾಗೇ ಉಳಿದಿರುತ್ತದೆ. ಮೂತ್ರನಾಳದ ಆಸರೆಗೂ ಗರ್ಭಕೋಶ ಇರುವುದಕ್ಕೂ ಸಂಬಂಧವಿಲ್ಲ. ಬದಲಿಗೆ, ಸ್ವೀಡನ್ ದೇಶದಲ್ಲಿ 30 ವರ್ಷಗಳ ದಾಖಲೆ ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡವರಿಗೆ ಮುಂದೆ ಒತ್ತಡದ ಸೋರಿಕೆಗೆ ಆಪರೇಷನ್ ಬೇಕಾಗುವ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು. ಗರ್ಭಕೋಶ ಕೆಳಗೆ ಜಾರಿ ಹೊರಗೆ ಬರುತ್ತಿದ್ದರೆ, ಗಡ್ಡೆಯಿಂದ ರಕ್ತಸ್ರಾವವಿದ್ದರೆ ಆ ಮಾತು ಬೇರೆ. ಆಗಲೂ ಸೋರಿಕೆಗೆ ಪ್ರತ್ಯೇಕವಾಗಿ ಏನು ಮಾಡುತ್ತೀರಿ ಎಂದು ಕೇಳಬೇಕು.

ಇದರ ಜೊತೆಗೇ ಬರುವುದು "ಹೊಲಿಗೆ". ಯೋನಿಯ ಮುಂಭಾಗದ ಗೋಡೆ ಬಿಡಿಸಿ, ಮೂತ್ರನಾಳದ ಕೆಳಗೆ ಹೊಲಿಗೆ ಹಾಕಿ ಬಿಗಿಮಾಡುವ ವಿಧಾನ. ಅಮೆರಿಕದ ಡಾ. ಹೊವಾರ್ಡ್ ಕೆಲ್ಲಿಯವರ ಹೆಸರಿನ ಈ ಹೊಲಿಗೆಗೆ ನೂರು ವರ್ಷ ದಾಟಿದೆ. ಮೂತ್ರಚೀಲ ಉಬ್ಬಿ ಕೆಳಗೆ ಬರುವುದಕ್ಕೆ ಇದು ಒಳ್ಳೆಯದೇ. ಆದರೆ ಸೋರಿಕೆ ನಿಲ್ಲಿಸುವುದರಲ್ಲಿ ಇದು ಹಿಂದೆ ಬೀಳುತ್ತದೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಒಂದರಿಂದ ಐದು ವರ್ಷದೊಳಗೆ ಈ ಹೊಲಿಗೆ ನೂರಕ್ಕೆ 38 ಜನರಲ್ಲಿ ವಿಫಲವಾಗಿತ್ತು; ಹೊಟ್ಟೆಯ ಮೂಲಕ ಮಾಡುವ ಆಪರೇಷನ್ 17 ಜನರಲ್ಲಿ. ಇದು ಸುಲಭ, ಖರ್ಚು ಕಡಿಮೆ. ಆದರೆ ಸುಲಭ ಎಂಬ ಕಾರಣಕ್ಕೇ ಮಾಡಿಸಿಕೊಂಡು ಎರಡು ವರ್ಷದಲ್ಲಿ ಮತ್ತೆ ಆಸ್ಪತ್ರೆಗೆ ಹೋದರೆ ಯಾರಿಗೆ ಉಳಿತಾಯ?

ನಮ್ಮದೇ ದೇಹದ ಆಸರೆ: ಬರ್ಚ್ ಮತ್ತು ಪಟ್ಟಿ

ಹೊಟ್ಟೆಯ ಮೂಲಕ ಮಾಡುವ ಆಪರೇಷನ್ ಎಂದೆವಲ್ಲ, ಅದರಲ್ಲಿ ಮುಖ್ಯವಾದದ್ದು ಬರ್ಚ್. ಅಮೆರಿಕದ ಡಾ. ಜಾನ್ ಬರ್ಚ್ 1961ರಲ್ಲಿ ಇದನ್ನು ಪ್ರಕಟಿಸಿದರು. ಮೂತ್ರಚೀಲದ ಕುತ್ತಿಗೆಯ ಎರಡೂ ಬದಿಯಲ್ಲಿ ಯೋನಿಯ ಗೋಡೆಗೆ ಹೊಲಿಗೆ ಹಾಕಿ, ಮುಂದಿನ ಮೂಳೆಯ ಹಿಂಭಾಗದ ಗಟ್ಟಿ ಕಟ್ಟಿಗೆ ತೂಗುಹಾಕುತ್ತಾರೆ, ತೊಟ್ಟಿಲನ್ನು ತೊಲೆಗೆ ಕಟ್ಟಿದ ಹಾಗೆ. ಹೊಲಿಗೆಯ ದಾರ ಬಿಟ್ಟರೆ ಹೊರಗಿನ ವಸ್ತು ಏನೂ ಒಳಗೆ ಉಳಿಯುವುದಿಲ್ಲ. ಸಿಜೇರಿಯನ್ ತರಹ ಹೊಟ್ಟೆ ಕೊಯ್ಯಬೇಕು. ಕೆಲವು ಕಡೆ ಸಣ್ಣ ತೂತುಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲೂ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಗಬಹುದು. ಮುಂಭಾಗವನ್ನು ಮೇಲಕ್ಕೆಳೆದದ್ದರಿಂದ ಮುಂದೆ ಹಿಂಭಾಗದ ಗೋಡೆ ಜಾರುವ ಸಂಭವವೂ ಇದೆ.

ಇನ್ನೊಂದು, ನಮ್ಮದೇ ದೇಹದ ಪಟ್ಟಿ. ಕೆಳಹೊಟ್ಟೆಯ ಸ್ನಾಯುವಿನ ಮೇಲಿರುವ ಬಿಳಿಯ ಗಟ್ಟಿ ಪೊರೆಯಿಂದ ಒಂದು ಪಟ್ಟಿ ಕತ್ತರಿಸಿ, ಮೂತ್ರನಾಳದ ಕೆಳಗಿಂದ ಜೋಲಿಯಂತೆ ಹಾಯಿಸಿ ಕಟ್ಟುತ್ತಾರೆ. ಈ ಎರಡನ್ನೂ ಹೋಲಿಸಿದ 655 ಮಹಿಳೆಯರ ಅಮೆರಿಕದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ಒತ್ತಡದ ಸೋರಿಕೆ ನಿಂತವರು ಪಟ್ಟಿಯಲ್ಲಿ ನೂರಕ್ಕೆ 66, ಬರ್ಚ್‌ನಲ್ಲಿ 49. ಹಾಗಾದರೆ ಪಟ್ಟಿಯೇ ಒಳ್ಳೆಯದು ಎನ್ನೋಣವೇ? ಪಟ್ಟಿ ಹಾಕಿದವರಲ್ಲಿ ಮೂತ್ರದ ಸೋಂಕು, ಅವಸರ, ಮೂತ್ರ ಮಾಡಲು ಕಷ್ಟ ಇವೆಲ್ಲ ಹೆಚ್ಚು ಕಂಡಿತು. ಮೂತ್ರ ಕಟ್ಟಿ, ಬಿಗಿ ಸಡಿಲಿಸಲು 19 ಜನರಿಗೆ ಮತ್ತೆ ಆಪರೇಷನ್ ಬೇಕಾಯಿತು, ಆ ಹತ್ತೊಂಬತ್ತೂ ಪಟ್ಟಿಯ ಗುಂಪಿನವರೇ. ಸೋರಿಕೆ ಹೆಚ್ಚು ನಿಲ್ಲಿಸುವ ಆಪರೇಷನ್ನೇ ಮೂತ್ರವನ್ನು ಹೆಚ್ಚು ಕಟ್ಟಲೂಬಹುದು. ಎಲ್ಲಾ ಆಪರೇಷನ್‌ಗಳನ್ನು ತೂಗುವಾಗ ಇದನ್ನು ನೆನಪಿಡಿ.

ಟೇಪ್

ಈಗ ಹೆಚ್ಚಾಗಿ ಕೇಳಿಬರುವುದು ಟೇಪ್. ಸ್ವೀಡನ್‌ನ ಡಾ. ಉಲ್ಫ್ ಉಲ್ಮ್‌ಸ್ಟೆನ್ 1996ರಲ್ಲಿ ಇದನ್ನು ಪ್ರಕಟಿಸಿದರು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ದಾರದಿಂದ ಹೆಣೆದ, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಅದು. ಹರ್ನಿಯಾ ಆಪರೇಷನ್‌ನಲ್ಲಿ ಹಾಕುವ ಬಲೆಯೂ ಹೆಚ್ಚಾಗಿ ಇದೇ ಜಾತಿಯದು. ಯೋನಿಯೊಳಗೆ ಸಣ್ಣ ಗಾಯ ಮಾಡಿ, ಮೂತ್ರನಾಳದ ನಡುಭಾಗದ ಕೆಳಗೆ ಇಟ್ಟು, ತುದಿಗಳನ್ನು ಮುಂದಿನ ಮೂಳೆಯ ಹಿಂದಿನಿಂದ ಹೊಟ್ಟೆಯ ಕಡೆಗೆ ತಂದರೆ ಟಿ.ವಿ.ಟಿ. ತೊಡೆಸಂದಿಯ ಕಡೆಗೆ ತಂದರೆ ಟಿ.ಓ.ಟಿ.; ಇದು ಫ್ರಾನ್ಸ್‌ನ ಡಾ. ಡೆಲೋರ್ಮ್ 2001ರಲ್ಲಿ ತಂದ ದಾರಿ. ಹೊಟ್ಟೆ ಕೊಯ್ಯುವುದಿಲ್ಲ, ಆಪರೇಷನ್ ಬೇಗ ಮುಗಿಯುತ್ತದೆ, ಹಲವರು ಅದೇ ದಿನ ಅಥವಾ ಮರುದಿನ ಮನೆಗೆ ಬರುತ್ತಾರೆ.

ಇವೆರಡನ್ನೂ ಹೋಲಿಸಿದ 597 ಮಹಿಳೆಯರ ಅಧ್ಯಯನ 2010ರಲ್ಲಿ ಬಂತು. ಒಂದು ವರ್ಷದ ನಂತರ ವೈದ್ಯರ ಪರೀಕ್ಷೆಯ ಪ್ರಕಾರ ಗುಣವಾದವರು ಟಿ.ವಿ.ಟಿ. ದಾರಿಯಲ್ಲಿ ನೂರಕ್ಕೆ 81, ಟಿ.ಓ.ಟಿ.ಯಲ್ಲಿ 78. ಮಹಿಳೆಯರನ್ನೇ ಕೇಳಿದಾಗ 62 ಮತ್ತು 56. ವೈದ್ಯರ ಲೆಕ್ಕಕ್ಕೂ ಅನುಭವಿಸುವವಳ ಲೆಕ್ಕಕ್ಕೂ ಎಷ್ಟು ಅಂತರ ನೋಡಿ! "ನೂರಕ್ಕೆ ಇಷ್ಟು ಗುಣ" ಎಂದು ಯಾರಾದರೂ ಹೇಳಿದರೆ ಯಾರ ಲೆಕ್ಕ ಎಂದು ಕೇಳುವುದು ಒಳ್ಳೆಯದು. ಟಿ.ವಿ.ಟಿ.ಯಲ್ಲಿ ಸೂಜಿ ಮೂತ್ರಚೀಲಕ್ಕೆ ತಾಗುವುದು, ಮೂತ್ರ ಕಟ್ಟುವುದು ಹೆಚ್ಚು. ಟಿ.ಓ.ಟಿ.ಯಲ್ಲಿ ತೊಡೆಸಂದಿಯ ನೋವು, ಕಾಲಿನ ಜೋಮು ಹೆಚ್ಚು. ಗದ್ದೆ ನಾಟಿಗೆ, ಗುಡ್ಡ ಹತ್ತುವುದಕ್ಕೆ ಹೋಗುವವರು ಇದನ್ನು ಯೋಚಿಸಬೇಕು. ಟೇಪ್ ಬಾಳಿಕೆ ಬರುತ್ತದೆಯೇ ಎಂದರೆ, ಮೊದಮೊದಲು ಟಿ.ವಿ.ಟಿ. ಮಾಡಿಸಿಕೊಂಡ ಉತ್ತರ ಯುರೋಪಿನ ಮಹಿಳೆಯರನ್ನು 17 ವರ್ಷದ ನಂತರ ನೋಡಿದಾಗ, ಪರೀಕ್ಷೆಗೆ ಸಿಕ್ಕವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನಕ್ಕೆ ಕೆಮ್ಮಿದಾಗ ಸೋರುತ್ತಿರಲಿಲ್ಲ.

ಇನ್ನೂ ಚಿಕ್ಕದಾದ, ಒಂದೇ ಗಾಯದ ಮಿನಿ ಟೇಪ್ ಕೂಡ ಇದೆ. ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋರಿಕೆಯ ಮಟ್ಟಿಗೆ ಅದು ದೊಡ್ಡ ಟೇಪ್‌ಗೆ ಸಮನಾಗಿತ್ತು. ಆದರೆ ಮೂರು ವರ್ಷದ ಹೊತ್ತಿಗೆ ಗಂಡ-ಹೆಂಡತಿ ಸೇರುವಾಗ ನೋವು ಎಂದವರು ಅದರಲ್ಲಿ ನೂರಕ್ಕೆ 12, ದೊಡ್ಡ ಟೇಪ್‌ನಲ್ಲಿ 5.

ಟೇಪ್‌ನ ಇನ್ನೊಂದು ಮುಖ

ಪ್ಲಾಸ್ಟಿಕ್ ಪಟ್ಟಿ ಮಾಂಸದೊಳಗೆ ಬೆರೆತುಹೋಗುತ್ತದೆ. ಅದೇ ಅದರ ಬಲ, ಅದೇ ಅದರ ತೊಂದರೆ. ನೂರರಲ್ಲಿ ಸುಮಾರು ಇಬ್ಬರಿಗೆ ಅದು ಯೋನಿಯ ಗೋಡೆಯನ್ನು ಕೊರೆದು ಹೊರಗೆ ಕಾಣಿಸಿಕೊಳ್ಳುತ್ತದೆ; ಕೆಲವೊಮ್ಮೆ ವರ್ಷಗಳ ಮೇಲೆ. ಅಪರೂಪವಾಗಿ ಮೂತ್ರನಾಳವನ್ನೇ ಕೊರೆಯುತ್ತದೆ. ಇನ್ನು ಕೆಲವರಿಗೆ ಬಿಡದ ನೋವು. ಪೂರ್ತಿ ತೆಗೆಯುವುದು ದೊಡ್ಡ ಆಪರೇಷನ್, ತೆಗೆದರೂ ನೋವು ಹೋಗುತ್ತದೆ ಎಂಬ ಭರವಸೆಯಿಲ್ಲ, ಸೋರಿಕೆ ಮರಳಿ ಬರಬಹುದು.

ಸ್ಕಾಟ್ಲೆಂಡ್‌ನಲ್ಲಿ ಇಂಥ ಮಹಿಳೆಯರು ಒಟ್ಟುಗೂಡಿ ದನಿ ಎತ್ತಿದ್ದರಿಂದ 2014ರಲ್ಲಿ ಅಲ್ಲಿ ಬಲೆಯ ಆಪರೇಷನ್‌ಗಳನ್ನು ನಿಲ್ಲಿಸಲು ಸರಕಾರ ಕೇಳಿಕೊಂಡಿತು. ಇಂಗ್ಲೆಂಡ್‌ನಲ್ಲಿ 2018ರ ಜುಲೈನಲ್ಲಿ ಸೋರಿಕೆಯ ಟೇಪ್‌ಗೂ ತಡೆ ಬಂತು. ಬ್ಯಾರೊನೆಸ್ ಜೂಲಿಯಾ ಕಂಬರ್ಲೆಜ್ ಅವರ ಸಮಿತಿ 2020ರಲ್ಲಿ ಕೊಟ್ಟ ವರದಿಯಲ್ಲಿ, ಮಹಿಳೆಯರು ನೋವು ಹೇಳಿಕೊಂಡಾಗ ವರ್ಷಗಟ್ಟಲೆ ಅವರ ಮಾತಿಗೆ ಬೆಲೆ ಕೊಡಲಿಲ್ಲ ಎಂಬುದು ದಾಖಲಾಗಿದೆ. ನ್ಯೂಜಿಲೆಂಡ್ 2023ರಲ್ಲಿ ತಡೆ ಹಾಕಿತು. ಅಮೆರಿಕ 2019ರಲ್ಲಿ, ಅಂಗ ಜಾರುವುದಕ್ಕೆ ಯೋನಿಯ ಮೂಲಕ ಹಾಕುವ ದೊಡ್ಡ ಬಲೆಗಳ ಮಾರಾಟ ನಿಲ್ಲಿಸಿತು, ಸೋರಿಕೆಯ ಟೇಪನ್ನು ನಿಲ್ಲಿಸಲಿಲ್ಲ. ದೊಡ್ಡ ಬಲೆಯೂ ಸಣ್ಣ ಟೇಪೂ ಒಂದೇ ಅಲ್ಲ, ಇದನ್ನು ಮರೆತು ಹೆದರಬಾರದು. ಆದರೆ "ಏನೂ ಆಗೋದಿಲ್ಲಮ್ಮ, ಸಣ್ಣ ಟೇಪ್" ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನೂ ನಾವು ಒಪ್ಪುವುದಿಲ್ಲ.

ಆಪರೇಷನ್ ತಡೆಯುವ ಶಕ್ತಿ ಇಲ್ಲದ ವಯಸ್ಸಾದವರಿಗೆ ಮೂತ್ರನಾಳದ ಸುತ್ತ ಜೆಲ್ ಇಂಜೆಕ್ಷನ್ ಕೊಡುವ ವಿಧಾನವೂ ಇದೆ. ಗಾಯವಿಲ್ಲ. ಫಲ ಕಡಿಮೆ, ಮತ್ತೆ ಮತ್ತೆ ಕೊಡಿಸಬೇಕಾಗಬಹುದು.

ಸಹಿ ಹಾಕುವ ಮೊದಲು

ಇನ್ನೂ ಮಕ್ಕಳಾಗಬೇಕೆಂದಿರುವವರು ಆಪರೇಷನ್ ಮುಂದೂಡುವುದೇ ಒಳ್ಳೆಯದು. ಮತ್ತೊಂದು ಹೆರಿಗೆ ಎಲ್ಲವನ್ನೂ ಮತ್ತೆ ಸಡಿಲಿಸಬಹುದು. ಬೇರೆ ಕಾರಣಕ್ಕೆ ಹೊಟ್ಟೆ ತೆರೆಯುವುದೇ ಇದ್ದರೆ ಬರ್ಚ್ ಜೊತೆಗೇ ಆಗಬಹುದೇ ಎಂದು ಕೇಳಿ. ದಿನಗೂಲಿ ಬಿಟ್ಟು ಮಲಗಲು ಆಗದವರಿಗೆ ಟೇಪ್ ಅನುಕೂಲ ಎನಿಸುವುದು ಸಹಜ. ಆದರೆ ಮುಂದೆ ತೊಂದರೆಯಾದರೆ ಟೇಪ್ ತೆಗೆಯಬಲ್ಲ ವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂಬುದೂ ಲೆಕ್ಕಕ್ಕೆ ಬರಬೇಕು. ಯಾವುದೇ ಆಪರೇಷನ್ ಆದರೂ ಸುಮಾರು ಆರು ವಾರ ಕೊಡ, ಹೊರೆ ಎತ್ತುವಂತಿಲ್ಲ. ಆ ಆರು ವಾರ ಮನೆಯಲ್ಲಿ ಯಾರು ನೀರು ತರುತ್ತಾರೆ ಎಂದು ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳಿ.

ವೈದ್ಯರನ್ನು ಕೇಳಿ: ಈ ಆಪರೇಷನ್‌ನ ಹೆಸರೇನು? ಒಳಗೆ ಏನಾದರೂ ಬಿಡುತ್ತೀರಾ, ಅದು ಏನು? ನೀವು ಇದನ್ನು ಎಷ್ಟು ಮಾಡಿದ್ದೀರಿ? ಮೂತ್ರ ಕಟ್ಟಿದರೆ ಏನು ಮಾಡುತ್ತೀರಿ? ಗರ್ಭಕೋಶ ಮುಟ್ಟುತ್ತೀರಾ? ಇದು ಅಧಿಕಪ್ರಸಂಗವಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟ ಮಹಿಳೆಗೆ ಪ್ರಜ್ಞೆಯಿಲ್ಲದಾಗ, ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಜೀವಕ್ಕೆ ಅಪಾಯವಿಲ್ಲದಿರುವಾಗ, ತಿಳುವಳಿಕೆಯುಳ್ಳ ವಯಸ್ಕ ಮಹಿಳೆಯ ಬದಲಿಗೆ ಬೇರೆಯವರು ಕೊಟ್ಟ ಒಪ್ಪಿಗೆ ನಡೆಯುವುದಿಲ್ಲ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ, ನಿಮಗೆ ಹೇಳಿರುವ ಆಪರೇಷನ್ ಅದರಲ್ಲಿ ಸೇರುತ್ತದೆಯೇ, ಟೇಪ್‌ನ ಬೆಲೆ ಬೇರೆ ಕೊಡಬೇಕೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ವಿಚಾರಿಸಿ. ಟೇಪ್ ಹಾಕಿಸಿಕೊಂಡರೆ ಅದರ ಕಂಪೆನಿ ಮತ್ತು ನಂಬರ್ ಇರುವ ಚೀಟಿಯನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿಕೊಡಲು ಹೇಳಿ, ರೇಷನ್ ಕಾರ್ಡಿನ ಜೊತೆಗೇ ಜೋಪಾನ ಮಾಡಿ.

ಮನೆಗೆ ಬಂದ ಮೇಲೆ ಮೂತ್ರ ಬಾರದೆ ಹೊಟ್ಟೆ ಉಬ್ಬಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಜ್ವರ, ದುರ್ವಾಸನೆಯ ಬಿಳುಪು, ತಿಂಗಳುಗಳ ನಂತರ ಕಾಣುವ ರಕ್ತ, ಒಳಗೆ ಚುಚ್ಚಿದ ಅನುಭವ, ಸೇರುವಾಗ ನೋವು ಇವುಗಳಲ್ಲಿ ಯಾವುದಿದ್ದರೂ ಆಪರೇಷನ್ ಆಗಿ ಎಷ್ಟೇ ವರ್ಷವಾಗಿರಲಿ, ಕಾರ್ಡ್ ಹಿಡಿದುಕೊಂಡು ಹೋಗಿ ತೋರಿಸಿ. ಒಬ್ಬರೇ ಹೋಗಲು ಸಂಕೋಚವಾದರೆ ನಿಮ್ಮ ಸಂಘದ ಕಾರ್ಯಕರ್ತೆಗೆ ತಿಳಿಸಿ, ಅವರು ಜೊತೆಗೆ ಬರುತ್ತಾರೆ.